ಪಟ್ಟಿಗೆ ಸೇರಿಸದ ಸಾಮಾನು

ಮಾರ್ಚ್ ೯, ಭಾನುವಾರ

ನನ್ನ ಪುಟ್ಟಿಗೆ,

ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಚೆನ್ನಾಗಿಯೇ ಇದ್ದೇನೆ, ಎಡಗಾಲಿನ ಮಂಡಿ ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ಬರೆಯುವುದು ತುಂಬ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಎರಡು ಸಲ ಶುರು ಮಾಡಿ, ಬಿಸಿಲು ಸೆಖೆ ಎಂದು ಏನೇನೋ ಬರೆದು ಹರಿದುಹಾಕಿದೆ. ಫೋನಿನಲ್ಲಾದರೆ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎನ್ನುವಲ್ಲಿಗೆ ನಿಂತುಬಿಡುತ್ತೇವೆ. ಅದಕ್ಕೇ ಈ ಕಾಗದ.

ನಮ್ಮ ಲಿಫ್ಟ್ ರಿಪೇರಿ ಕಂಪನಿಯ ಸ್ಟೋರಿನ ಸಾಮಾನಿನ ಲೆಕ್ಕ ಇಡುವ ಸಾಫ್ಟ್‌ವೇರನ್ನು ಆರಿಸಿದವಳು ನಾನೇ ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. "ಸ್ಟೋರ್ ನಿಮ್ದು, ನಿಮಗೆ ಒಗ್ಗೋದನ್ನೇ ನೋಡಿ" ಎಂದು ಕಂಪನಿಯ ಯಜಮಾನರು ನನ್ನನ್ನು ಎರಡು ಕಡೆ ಕರೆದುಕೊಂಡು ಹೋಗಿದ್ದರು. ಮೊದಲನೆಯದು ಮೂರೇ ಜನರ ಬೀಗದ ಅಂಗಡಿ. ಅವರ ವ್ಯವಹಾರವೆಲ್ಲ ಒಂದು ಫೋನಿನಲ್ಲಿ. "ನಮಗೇನಮ್ಮ, ಕೂಗಿದ್ರೆ ಕೇಳಿಸುತ್ತೆ, ಇದು ಮರೆವಿಗೆ ಅಷ್ಟೆ" ಎಂದು ನಕ್ಕರು. ಎರಡನೆಯದು ಸಾವಿರಾರು ಜನರ ಕಾರ್ಖಾನೆ. ಅಲ್ಲಿ ಆ ಸಾಫ್ಟ್‌ವೇರ್ ನೋಡಿಕೊಳ್ಳಲಿಕ್ಕೇ ಒಂದು ಮಹಡಿ. ಒಂದು ಬೋಲ್ಟಿನ ಹೆಸರು ತಿದ್ದಬೇಕಾದರೆ ನಾಲ್ಕು ಜನ ಒಪ್ಪಬೇಕು. ಅಲ್ಲಿನ ಅಧಿಕಾರಿ ಮೆಲ್ಲಗೆ, "ಮೂರು ವರ್ಷ ಆಯ್ತು, ಇನ್ನೂ ಜೋಡಿಸ್ತಾನೇ ಇದೀವಿ" ಎಂದರು.

ಯಜಮಾನರಿಗೆ ಆ ದೊಡ್ಡದರ ಮೇಲೇ ಕಣ್ಣು. ಮುಂದೆ ಕಂಪನಿ ಬೆಳೆಯುತ್ತದೆ ಎಂಬ ಆಸೆ. ನಾನು, "ಬೆಳೆಯೋ ಮಗು ಅಂತ ಈಗ್ಲೇ ಅಪ್ಪನ ಚಪ್ಪಲಿ ಹಾಕಿಸ್ತೀರಾ ಸಾರ್? ಅರವತ್ತು ಜನ ಎಡವಿ ಬೀಳ್ತೀವಿ" ಎಂದೆ. ಎಲ್ಲರೂ ನಕ್ಕರು. ಮಧ್ಯಮ ಗಾತ್ರದ್ದು ಬಂತು. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದನ್ನು ಜೋಡಿಸಲು ಒಬ್ಬ ಹುಡುಗಿ ಬಂದಳು. ಸುಮಾರು ನಿನ್ನದೇ ವಯಸ್ಸು. ಮಾತೆತ್ತಿದರೆ "ಯಾಕೆ?" ಎನ್ನುತ್ತಿದ್ದುದರಿಂದ ಮೆಕ್ಯಾನಿಕ್‌ಗಳೆಲ್ಲ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟರು. ಈ ರೋಲರನ್ನು ಮೂಗ ಅಂತೀರಲ್ಲ, ಯಾಕೆ? ಸದ್ದು ಮಾಡೋದಿಲ್ಲ, ಅದಕ್ಕೆ. ಹೀಗೆ ಎಂಟು ತಿಂಗಳು ನನ್ನ ತಲೆಯಲ್ಲಿದ್ದದ್ದನ್ನೆಲ್ಲ ಅವಳು ಕೇಳಿದಳು, ನಾನು ಹೇಳಿದೆ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದೆವು. ಕೆಲಸ ಮುಗಿದ ದಿನ ಕೈಕುಲುಕಿ, "ನೀವಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ ಆಂಟಿ" ಎಂದು ಹೇಳಿ ಇನ್ನೊಂದು ಕಂಪನಿಗೆ ಹೊರಟುಹೋದಳು.

ಆಮೇಲೆ ಕೌಂಟರ್ ಖಾಲಿಯಾಯಿತು, ಪುಟ್ಟಿ. ಮೊದಲೆಲ್ಲ ಬೆಳಗ್ಗೆ ಎಂಟರಿಂದ ಜಾತ್ರೆ. "ಅಕ್ಕಾ, ಆ ಹಳೇ ಬಾಗಿಲಿನ ಸ್ಪ್ರಿಂಗ್ ಎಲ್ಲಿ?" ಎಂದು ಒಬ್ಬ, ಹೆಂಡತಿ ಮಾತು ಬಿಟ್ಟಿದ್ದಾಳೆ ಎಂದು ಇನ್ನೊಬ್ಬ. ಈಗ ಅವರು ಫೋನಿನಲ್ಲಿ ನೋಡುತ್ತಾರೆ, ನೇರ ಕಪಾಟಿಗೆ ಹೋಗುತ್ತಾರೆ, ಕೈಯೆತ್ತಿ ನಮಸ್ಕಾರ ಹೇಳಿ ಹೋಗುತ್ತಾರೆ. ಒಂದು ಮಂಗಳವಾರ ಸಂಜೆ ಬಸ್ಸಿನವನು "ಎಲ್ಲಿಗೆ?" ಎಂದಾಗ ನನಗೆ ದನಿಯೇ ಹೊರಡಲಿಲ್ಲ. ಬೆಳಗಿನಿಂದ ಬಾಯಿ ತೆರೆದಿರಲಿಲ್ಲ, ನೋಡು.

ಆಗ ನಾನೊಂದು ತಪ್ಪು ಮಾಡಿದೆ. ಹಳೆಯ ಲಿಫ್ಟುಗಳಿಂದ ಬಿಚ್ಚಿ ತಂದ ಸಾಮಾನು ಒಂದು ನಲವತ್ತು ನನ್ನ ಮೇಜಿನ ಡ್ರಾಯರಿನಲ್ಲಿದ್ದವು. ಅವನ್ನು ಪಟ್ಟಿಗೆ ಸೇರಿಸಲೇ ಇಲ್ಲ. ಹೇಗಾದರೂ ಯಾರಾದರೂ ಕೇಳಿಕೊಂಡು ಬರಲಿ ಎಂದು. ಇಬ್ಬರು ಮೂವರು ಬಂದರು ಕೂಡ. ನಾನು ಹುಡುಕಿದಂತೆ ಮಾಡಿ, ನಿಧಾನವಾಗಿ ತೆಗೆದುಕೊಡುತ್ತಿದ್ದೆ.

ಹೋದ ತಿಂಗಳು ಒಂದು ವೃದ್ಧಾಶ್ರಮದ ಲಿಫ್ಟ್ ಕೆಟ್ಟಿತು. ಹೊಸದಾಗಿ ಸೇರಿದ ಮೆಕ್ಯಾನಿಕ್ ಅದಕ್ಕೆ ಬೇಕಾದ ಸಾಮಾನನ್ನು ಫೋನಿನಲ್ಲಿ ನೋಡಿದ, "ಇಲ್ಲ" ಎಂದು ಬಂತು. ಇನ್ನೊಂದು ಊರಿನಿಂದ ತರಿಸಿದ. ಊಟಕ್ಕೆಂದು ಕೆಳಗಿಳಿದಿದ್ದ ಹನ್ನೊಂದು ಜನ ಮುದುಕರು ಸಂಜೆಯವರೆಗೆ ಹಜಾರದ ಪ್ಲಾಸ್ಟಿಕ್ ಕುರ್ಚಿಗಳಲ್ಲೇ ಕೂತಿದ್ದರಂತೆ. ಒಬ್ಬ ಅಜ್ಜಿಯ ಮಾತ್ರೆ ಮೇಲಿನ ಕೋಣೆಯಲ್ಲಿತ್ತು. ಯಾವ ಬಣ್ಣದ್ದೆಂದು ಆಕೆಗೂ ಹೇಳಲು ಬರದೆ, ದಾದಿ ಮೂರು ಸಲ ಹತ್ತಿ ಇಳಿದಳಂತೆ. ಆ ಸಾಮಾನು ನನ್ನ ಡ್ರಾಯರಿನಲ್ಲಿತ್ತು.

ಎಲ್ಲಿ ತಪ್ಪಾಯಿತೆಂದು ನೋಡಲು ಯಾಕಮ್ಮನನ್ನೇ ಕರೆಸಿದರು. ಅವಳು ಎರಡು ದಿನ ತನ್ನ ಜೋಡಣೆಯಲ್ಲೇ ತಪ್ಪು ಹುಡುಕಿದಳು. ನನ್ನಿಂದ ನೋಡಲಾಗಲಿಲ್ಲ. ಡ್ರಾಯರ್ ಎಳೆದು ತೋರಿಸಿದೆ.

"ಯಾಕೆ ಆಂಟಿ?" ಎಂದಳು.

ನಾನು ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲಿಡತೊಡಗಿದೆ. ಅವಳು ಕುರ್ಚಿ ಎಳೆದುಕೊಂಡು, "ಹೇಳ್ತಾ ಹೋಗಿ, ನಾನು ಹಾಕ್ತೀನಿ" ಎಂದಳು. ನಲವತ್ತನ್ನೂ ಸೇರಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಡಬ್ಬಿ ತೆಗೆದೆ. "ಬೇರೆ ಕಡೆ ಹೋಗ್ಬೇಕು ಆಂಟಿ" ಎಂದು ಎದ್ದಳು. ಕೋಪವೋ ಅವಸರವೋ ತಿಳಿಯಲಿಲ್ಲ.

ಯಜಮಾನರಿಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಇಷ್ಟು ವರ್ಷ ದುಡಿದಿದೀರಿ, ಇನ್ನು ಮೇಲಿನ ಕೋಣೇಲಿ ಕೂತು ಪಟ್ಟಿ ಸರಿಯಿದೆಯಾ ನೋಡ್ಕೊಳ್ಳಿ, ಸಾಕು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಈಗ ನನಗೊಂದು ಕೋಣೆ, ಒಂದು ಪರದೆ, ರಸ್ತೆಯ ಕಡೆಗೊಂದು ಕಿಟಕಿ. ಪಟ್ಟಿ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ನಿನ್ನ ಕೆಮ್ಮಿನ ಕಡೆ ಗಮನವಿರಲಿ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಮನೆ ತುಂಬಿರಲಿ, ನಿನ್ನ ಮಾತು ಕೇಳುವವರು ಯಾವತ್ತೂ ಪಕ್ಕದಲ್ಲಿರಲಿ.

ನಿನ್ನ
ಅಮ್ಮ

ತಾ.ಕ.: ಇಷ್ಟೆಲ್ಲ ಬರೆದದ್ದು ಇದೊಂದನ್ನು ಬರೆಯುವ ಧೈರ್ಯಕ್ಕೆ. ನಿನ್ನ ಮದುವೆಯ ದಿನವೇ ಕಂಪನಿಯಲ್ಲಿ ಸಾಫ್ಟ್‌ವೇರ್ ಶುರುವಾಗುತ್ತದೆ, ಬಿಟ್ಟು ಬರಲಾಗುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ಆ ಕೆಲಸ ಒಂದು ವಾರ ಮುಂದಕ್ಕೆ ಹೋಗಿತ್ತು, ನನಗೆ ನಾಲ್ಕು ದಿನ ಮೊದಲೇ ಗೊತ್ತಿತ್ತು. ನಿನ್ನ ಅಪ್ಪ ಈಗಿನ ಹೆಂಡತಿಯನ್ನೂ ಕರೆತರುತ್ತಾರೆಂದು ನಿನ್ನ ಚಿಕ್ಕಮ್ಮ ಹೇಳಿದಳು. ಮೊದಲ ಸಾಲಿನಲ್ಲಿ ಅವರ ಪಕ್ಕ ಒಬ್ಬಳೇ ಕೂರಲು ನನ್ನಿಂದಾಗುತ್ತಿರಲಿಲ್ಲ. ಆ ಬೆಳಗ್ಗೆ ನಿನ್ನ ಮದುವೆಗೆಂದು ತಂದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಅಡುಗೆಮನೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಆ ಗದ್ದಲದ ನಡುವೆಯೂ ನೀನು ಫೋನ್ ಮಾಡಿ, "ಕೆಲಸ ಹೇಗೆ ನಡೀತಿದೆ ಅಮ್ಮಾ?" ಎಂದು ಕೇಳಿದೆ. "ಚೆನ್ನಾಗಿ ನಡೀತಿದೆ ಪುಟ್ಟಿ, ಇಲ್ಲಿ ಎಲ್ಲರೂ ಇದ್ದಾರೆ" ಎಂದೆ ನಾನು.