ಊರೇ ಹೌದು ಎನ್ನಬೇಕಾದ ಚಿತ್ರ

ಬ್ಯಾಡಗಿ,
ಫೆಬ್ರವರಿ 30, 2187

ಹಿರಿಯ ವಿಡಿಯೊದವರೇ, ಶರಣು.

ತಾರೀಖು ನೋಡಿ ನಗಬೇಡಿ. ಹುಟ್ಟಿದಾಗಿನಿಂದ ಕುಳ್ಳಗೇ ಉಳಿದಿದ್ದ ಫೆಬ್ರವರಿಯನ್ನು ಕಂಡು ನಮ್ಮ ಅಜ್ಜಂದಿರಿಗೆ ಕರುಣೆ ಬಂದು, ಎರಡು ದಿನ ಕೂಡಿಸಿಕೊಟ್ಟರು. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ನಡುವೆ ಒಂದೆರಡು ಪದ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನನ್ನ ಹೆಸರು ಇಂದುಧರ ಮೋಟೆಬೆನ್ನೂರ, ನಿಮ್ಮದೇ ಕಸುಬಿನವನು. ಯಾವ ಕಂಪನಿಗೂ ಸೇರದೆ, ಊರಿನ ಮದುವೆ, ತೊಟ್ಟಿಲು, ಅಂಗಡಿಯ ಜಾಹೀರಾತು ಮಾಡುತ್ತ, ನಡುನಡುವೆ ಮನಸ್ಸಿಗೆ ಬಂದ ಒಂದು ಚಿತ್ರ ತೆಗೆಯುತ್ತ ಬದುಕಿದ್ದೇನೆ. ಮದುವೆಮನೆಯಲ್ಲಿ ನಿಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ನನ್ನನ್ನೂ ಕರೆಯುವುದಿಲ್ಲ. "ವಿಡಿಯೊದಾಂವ ಬಂದ, ಸೆರಗ ಸರಿ ಮಾಡ್ಕೊಳ್ರಿ" ಎನ್ನುತ್ತಾರೆ, ಅಷ್ಟೆ.

ನಮ್ಮ ಕಾಲ ಒಟ್ಟಿನಲ್ಲಿ ಚೆನ್ನಾಗಿದೆ. ಓಣಿಗಳಲ್ಲಿ ನೆರಳುಬಂಡಿಗಳು ಓಡಾಡುತ್ತವೆ. ಅಂದರೆ ಸೀಟು ಇಲ್ಲದ, ಬರೀ ಚಾವಣಿ ಇರುವ ಗಾಡಿ. ಬಿಸಿಲಿಗೆ ನಡೆಯುವವರ ಜೊತೆಜೊತೆಗೇ ಮೆಲ್ಲಗೆ ಸಾಗುತ್ತದೆ. ಜನಕ್ಕೆ ಅದು ಸುಖ, ನನಗೆ ಸಂಕಟ. ಗಾಡಿಯವನಿಗೆ ಚಹಾ ಕುಡಿಸಿ ಬೇರೆ ಓಣಿಗೆ ಅಟ್ಟದಿದ್ದರೆ ನನಗೆ ಬೆಳಕೇ ಸಿಗುವುದಿಲ್ಲ. ಕ್ಯಾಮೆರಾ ಕಡಲೆಕಾಳಿನಷ್ಟಾಗಿದೆ, ಕೆಮ್ಮು ಮಾತ್ರ ಹಳೆಯದೇ. ಮೆಣಸಿನಕಾಯಿ ಪೇಟೆಯಲ್ಲಿ ಘಾಟು ಹತ್ತಿ ನಾನು ಕೆಮ್ಮಿದ ಸದ್ದು ನನ್ನ ಎಲ್ಲ ಚಿತ್ರಗಳಲ್ಲೂ ಇದೆ. ತೊಟ್ಟು ಬಿಡಿಸುವ ಯಂತ್ರಗಳು ಬಂದವು, ಕೆಟ್ಟವು, ಹೋದವು. ಹೆಂಗಸರು ಇವತ್ತಿಗೂ ಸಾಲಾಗಿ ಕೂತು, ಊರಿನ ಸುದ್ದಿಯನ್ನೆಲ್ಲ ಆಡುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ.

ಇನ್ನು ನಮ್ಮ ಕಸುಬಿನ ಮಾತು. ಯಂತ್ರ ತಾನೇ ಕಟ್ಟುವ ಚಿತ್ರಕ್ಕೆ ನಾವು ಹುಸಿಬಿಂಬ ಎನ್ನುತ್ತೇವೆ. ಅದು ನಿಮ್ಮ ಕಾಲದಲ್ಲೇ ಮೊಳೆತು, ಆಮೇಲೆ ಮಿತಿಮೀರಿತು. ಸತ್ತವರು ಎದ್ದು ಭಾಷಣ ಮಾಡಿದರು, ಹುಟ್ಟದೇ ಇದ್ದವರ ಮದುವೆಗೆ ಜನ ಅಳುತ್ತ ಅಕ್ಷತೆ ಹಾಕಿದರು. ಕೊನೆಗೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನೇ ಕಾನೂನು ಮಾಡಿದರು. ಅದೇ ಹೌದುಸಭೆ. ಚಿತ್ರವನ್ನು ಮೊದಲ ಸಲ ತೋರಿಸುವಾಗ ಅದರಲ್ಲಿ ಮುಖ ಕಂಡವರೆಲ್ಲ ಬಂದು, ಎದ್ದು ನಿಂತು, "ಹೌದು, ನಾನೇ" ಎನ್ನಬೇಕು. ತೀರಿಕೊಂಡವರಿದ್ದರೆ ಅವರ ಪರವಾಗಿ ಪಕ್ಕದ ಮನೆಯವರು ಹೌದೆನ್ನಬೇಕು. ಬಂಧುಗಳು ಪ್ರೀತಿಗೆ ಸುಳ್ಳು ಹೇಳುತ್ತಾರೆ, ಗೆಳೆಯರು ದಾಕ್ಷಿಣ್ಯಕ್ಕೆ. ಪಕ್ಕದ ಮನೆಯವರಿಗೆ ಎರಡೂ ಇರುವುದಿಲ್ಲ ಎಂಬುದು ಕಾನೂನು ಮಾಡಿದವರ ಅನುಭವ. ಯಾರೂ ಹೌದೆನ್ನದ ಮುಖವನ್ನು ಕತ್ತರಿಸಿ ಎಸೆಯಲೇಬೇಕು. ಇದರಿಂದ ದೊಡ್ಡ ಕಂಪನಿಗಳು ಮುಳುಗಿದವು, ಸಾವಿರ ಜನರನ್ನು ಎಲ್ಲಿಂದ ಹುಡುಕಿ ತಂದಾರು? ನಡೆದು ಬರುವಷ್ಟು ದೂರದವರನ್ನೇ ತೆಗೆಯುವ ನಾವು ಉಳಿದೆವು. ಹಿತ್ತಲ ಗಿಡ ಮದ್ದಲ್ಲ ಎಂಬ ಇನ್ನೊಂದು ಗಾದೆ ಹೀಗೆ ಸುಳ್ಳಾಯಿತು.

ಹೋದ ವರ್ಷ ತೊಟ್ಟು ಬಿಡಿಸುವ ಹೆಂಗಸರ ಚಿತ್ರ ಮಾಡಿದೆ. ಅದರ ಜೀವವೇ ನನ್ನ ಸೋದರತ್ತೆ ಚಿನ್ನವ್ವ, ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿ ಸಾಕಿದವಳು. ಹೌದುಸಭೆ ಇನ್ನೇನು ಬಂತು ಎನ್ನುವಾಗ ತೀರಿಕೊಂಡಳು. ಅವಳ ಮುಖ ಕತ್ತರಿಸಿದರೆ ಚಿತ್ರವೂ ಉಳಿಯದು, ಅವಳನ್ನು ನಾನು ಎರಡನೆಯ ಸಲ ಕಳೆದುಕೊಂಡಂತೆ. ನಮ್ಮದು ಓಣಿಯ ತುದಿಯ ಮನೆ, ಪಕ್ಕದಲ್ಲಿ ಇರುವುದು ಫಕ್ಕೀರವ್ವನ ಮನೆಯೊಂದೇ. ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವ ಜಾಗಕ್ಕೆ ಶುರುವಾದ ಜಗಳ, ಕಾರಣ ಮರೆತ ಮೇಲೂ ನಡೆದಿತ್ತು. ಸಾಲದ್ದಕ್ಕೆ ನನ್ನ ಚಿತ್ರದಲ್ಲೇ ಅತ್ತೆ ಕ್ಯಾಮೆರಾದತ್ತ ತಿರುಗಿ, "ಆ ಫಕ್ಕೀರವ್ವನ ಸಂಡಿಗಿ ಕಾಗೀನೂ ಮುಟ್ಟಂಗಿಲ್ಲ, ಅಷ್ಟು ಉಪ್ಪು!" ಎಂದುಬಿಟ್ಟಿದ್ದಳು. ಆ ಮಾತನ್ನು ತೆಗೆದುಹಾಕು, ಮುದುಕಿ ಒಪ್ಪುತ್ತಾಳೆ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನೂ ಕತ್ತರಿಸಲು ಕೂತೆ. ಆದರೆ ಹಾಗೆ ಬೈಯುವಾಗಲೇ ಅವಳ ಕಣ್ಣು ಮಿಂಚುತ್ತಿದ್ದುದು, ಅದು ಹೋದರೆ ಉಳಿಯುವವಳು ಚಿನ್ನವ್ವನೇ ಅಲ್ಲ. ಕೈ ಬರಲಿಲ್ಲ, ಬಿಟ್ಟೆ.

ಸಭೆಯ ದಿನ ಫಕ್ಕೀರವ್ವ ಕರೆಯದೆಯೇ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಕರೆಯಲು ನನಗೆ ಧೈರ್ಯವಿರಲಿಲ್ಲ. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು, ನಾಚಿಕೊಂಡು, ಹೌದೆಂದರು. ಅತ್ತೆಯ ಮಾತು ಬಂದಾಗ ಇಡೀ ಸಭೆ ಹಿಂದಿನ ಸಾಲಿನತ್ತ ತಿರುಗಿತು. ಫಕ್ಕೀರವ್ವ ಮಂಡಿ ಹಿಡಿದುಕೊಂಡು ಎದ್ದು ನಿಂತಳು. "ಹೌದು, ಆಕೀನ. ಅಂಥಾ ಬಾಯಿ ಯಾವ ಯಂತ್ರಕ್ಕ ಬರ್ತೈತಿ? ಉಪ್ಪಿನ ಮಾತು ಮಾತ್ರ ಸುಳ್ಳು, ಅದನ್ನೂ ಬರಕೊಳ್ರಿ," ಎಂದಳು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವಳು ಕೂತುಕೊಂಡು ಸೆರಗಿನಿಂದ ಮುಖ ಮುಚ್ಚಿ ಅತ್ತಳು, "ಇನ್ನ ನಾ ಯಾರ ಕೂಡ ಜಗಳಾ ಮಾಡ್ಲಿ" ಎಂದು. ನಾನೂ ಅತ್ತುಬಿಟ್ಟೆ.

ಈಗ ನನ್ನ ಕೋರಿಕೆ. ನೀವು ತೆಗೆದ ವಿಡಿಯೊಗಳು ನಮ್ಮ ಉಗ್ರಾಣದಲ್ಲಿ ರಾಶಿ ಬಿದ್ದಿವೆ. ಪಂಕ್ತಿಯಲ್ಲಿ ನಿಮ್ಮ ಲೈಟು ಬಿದ್ದೊಡನೆ ಹೋಳಿಗೆಯನ್ನು ಬಾಯಲ್ಲೇ ಇಟ್ಟುಕೊಂಡು ಗಂಭೀರವಾಗಿ ಕೂತವರನ್ನು ನೋಡಿ ಎಷ್ಟು ನಕ್ಕಿದ್ದೇನೆ! ಆದರೆ ಹೌದೆನ್ನುವವರು ಒಬ್ಬರೂ ಇಲ್ಲದೆ ಅವರನ್ನು ಯಾರಿಗೂ ತೋರಿಸುವಂತಿಲ್ಲ. ಆದ್ದರಿಂದ ಕ್ಯಾಮೆರಾ ಚೀಲಕ್ಕೆ ಹಾಕುವ ಮೊದಲು ಪಕ್ಕದ ಮನೆಯವರನ್ನು ಕರೆದು, ಇವರು ಯಾರು, ಎಂಥವರು ಎಂದು ಕೇಳಿ, ಅವರ ಮಾತನ್ನೂ ವಿಡಿಯೊದಲ್ಲೇ ಹಿಡಿದಿಡಿ. ಮಾತು ಬಿಟ್ಟವರಾಗಿದ್ದರೆ ಇನ್ನೂ ಒಳ್ಳೆಯದು. ಬೈದರೆ ಬೈಯಲಿ, ಅದರ ಮೇಲೆ ಗುಲಾಬಿ ಹೂ ಉದುರಿಸಿ ಮುಚ್ಚಬೇಡಿ. ಆ ಬೈಗುಳವನ್ನು ಕೇಳಿದ ಮೇಲೆ, ಇಲ್ಲಿ ಯಾವಳೋ ಮರಿಮಗಳು ತನ್ನ ಮುತ್ತಜ್ಜಿಯನ್ನು ನಂಬುತ್ತಾಳೆ.

ನಿಮ್ಮವನೇ ಆದ,
ಇಂದುಧರ