ಸೋದರಮಾವ ಗರ್ಜಿಸಿದ ಸಂಜೆ

ಧಾರವಾಡ,
ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷ ಹಿಂದಿನ ನನ್ನ ಹಿರಿಯರಿಗೆ, ನಾಗಲಾಂಬಿಕಾ ಹಂಚಿನಾಳಳ ಶರಣು ಶರಣಾರ್ಥಿ.

ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿದ್ದಾರೆ. ಮಿಕ್ಕ ದಿನಗಳಿಗೆ ಹೆಸರೂ ಇಲ್ಲ, ಆಗ ಯಾರಿಗೂ ಕೆಲಸವೂ ಇಲ್ಲ. ನಿಮಗೆ ಗೊತ್ತಿರದ ಪದಗಳು ನಡುನಡುವೆ ಬರುತ್ತವೆ, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಯಾರಾದರೂ ನಾಲ್ಕು ದಿನಕ್ಕೆಂದು ಧಾರವಾಡಕ್ಕೆ ಬಂದು, ಇಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ಈ ಕಾಗದ ತೋರಿಸಿ.

ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಬಯಲುವಾರ ನಡೆಯುತ್ತದೆ. ಆ ವಾರ ಪಾಠವಿಲ್ಲ, ಪರೀಕ್ಷೆಯಿಲ್ಲ. ಕೋಣೆಗಳ ಬಾಗಿಲೆಲ್ಲ ತೆರೆದು ಊರಿಗೆ ಬಿಟ್ಟುಕೊಡುತ್ತಾರೆ. ರಸಾಯನಶಾಸ್ತ್ರದವರ ಉದ್ದನೆಯ ಮೇಜುಗಳ ಮೇಲೆ ಚಿತ್ರಕಾರರು ಬಣ್ಣ ಅರೆಯುತ್ತಾರೆ. ಗ್ರಂಥಾಲಯದ ಮೆಟ್ಟಿಲ ಮೇಲೆ ಬೆಳಗಿನ ಹಾಡುಗಾರಿಕೆ. ಪ್ರಾಧ್ಯಾಪಕರು ಮುಂಗೈಗೆ ಹಿಟ್ಟು ಮೆತ್ತಿಕೊಂಡು ಮಿರ್ಚಿಭಜಿ ಕರಿಯುತ್ತಾರೆ, ಚೆನ್ನಾಗಿ ಕರಿದವರಿಗೆ ವರ್ಷವಿಡೀ ಮರ್ಯಾದೆ. ಪರಊರಿನವರು ನೆರಳುಬೀದಿಗಳಲ್ಲಿ, ಅಂದರೆ ಬಳ್ಳಿಯ ಚಪ್ಪರ ಹೊದ್ದ ಬೀದಿಗಳಲ್ಲಿ, ಪೇಢಾ ತಿನ್ನುತ್ತ ಒಂದು ಹಾಡಿನಿಂದ ಇನ್ನೊಂದಕ್ಕೆ ನಡೆದುಹೋಗುತ್ತಾರೆ.

ಈ ಸಲದ ಬಯಲುವಾರಕ್ಕೆ ನನ್ನ ಸೋದರಮಾವ ಗುರುಸಿದ್ದಪ್ಪ ಚಂದ್ರನಿಂದ ಇಳಿದು ಬಂದರು. ಹೆಂಡತಿ ತೀರಿದ ಮೇಲೆ ಅಲ್ಲಿನ ಗಣಿಗೆ ಹೋದವರು ಮೂವತ್ತು ವರ್ಷ ಅಲ್ಲೇ ಉಳಿದಿದ್ದರು. ಇಲ್ಲಿನ ತೂಕವನ್ನು ಅವರ ಮೂಳೆ ತಡೆಯದೆಂದು ಕಾಲಿಗೆ ಆಧಾರಪಟ್ಟಿ ಕಟ್ಟಿದ್ದರು. ವೈದ್ಯರು ಮೊದಲೇ ಹೇಳಿದ್ದರಂತೆ: ವಾರದೊಳಗೆ ಮರಳಿದರೆ ಸರಿ, ಇಲ್ಲವಾದರೆ ಇನ್ನು ಭೂಮಿಯೇ ಗತಿ, ಇನ್ನೊಂದು ಪ್ರಯಾಣ ಈ ದೇಹ ತಾಳದು. ಮಾವ ಮರಳುವುದಕ್ಕೇ ಆಸನ ಕಾದಿರಿಸಿಕೊಂಡು ಬಂದಿದ್ದರು. "ಇಲ್ಲೆ ನನ್ನದೇನೈತಿ ನಾಗವ್ವಾ? ನೋಡಿ ಹೋಗಾಕ ಬಂದೀನಿ," ಎಂದರು. ಅವರ ಅಕ್ಕ, ನನ್ನ ಅವ್ವ ಶಿವಲೀಲಾ, ಇರು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಅಷ್ಟೇ.

ಮೊದಲ ಬೆಳಿಗ್ಗೆ ಅವರನ್ನು ಗ್ರಂಥಾಲಯದ ಮೆಟ್ಟಿಲಿಗೆ ಕರೆದೊಯ್ದೆ. ಚಂದ್ರನ ಮೇಲಿನ ವಸತಿಗಳು ಒಂದಕ್ಕೊಂದು ಅಂಟಿದ ಸಣ್ಣ ಗೂಡುಗಳು. ಅಲ್ಲಿ ಜೋರಾಗಿ ಕೂಗಿದರೆ ಅಪಾಯದ ಗಂಟೆ ಮೊಳಗುತ್ತದೆ, ಆದ್ದರಿಂದ ಕೂಗುವುದೇ ನಿಷಿದ್ಧ. ಹಾಡನ್ನೂ ಅವರವರ ಕಿವಿಯೊಳಗೇ ಕೇಳಿಕೊಳ್ಳಬೇಕು. ಜೋಡಿ ತಂಬೂರಿ ನುಡಿದದ್ದೇ ಮಾವ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಹಾಡು ಮುಗಿಯುವವರೆಗೂ ತೆಗೆಯಲಿಲ್ಲ. "ಇದು ಕಿವ್ಯಾಗ ಬರಲಿಲ್ಲವ್ವಾ, ಇಲ್ಲೆ ಬಂತು," ಎಂದರು. ಮಾರನೆಯ ದಿನ ಒಂದೊಂದು ಚಿತ್ರದ ಮುಂದೂ ನಿಂತು ನೋಡಿದರು. ಅದರ ಮರುದಿನ ನನಗಿಂತ ಮೊದಲೇ ಎದ್ದು ಅಂಗಿ ತೊಟ್ಟು ಕೂತಿದ್ದರು.

ಕೊನೆಯ ಸಂಜೆ ಬಯಲಲ್ಲಿ ವಿದ್ಯಾರ್ಥಿಗಳ ದೊಡ್ಡಾಟ. ಅವ್ವನೂ ಬಂದಿದ್ದಳು, ಮೂವರೂ ಮುಂದಿನ ಸಾಲಿನಲ್ಲಿ ಕೂತೆವು. ರಾಕ್ಷಸನ ಪಾತ್ರ ಭೂಗರ್ಭಶಾಸ್ತ್ರ ಓದುವ ಮೆಹರುನ್ ಸವಣೂರ ಎಂಬ ಹುಡುಗಿಯದು. ಮೊಳದೆತ್ತರದ ಕಿರೀಟ, ಭುಜಕೀರ್ತಿ, ಕೆಂಪು ಮೋರೆ. ತೆರೆ ಸರಿಯಿತು, ಮದ್ದಳೆ ಏರಿತು, ಅವಳು ಬಾಯಿ ತೆರೆದಳು. ವಾರವೆಲ್ಲ ಅಭ್ಯಾಸ ಮಾಡಿ ಗಂಟಲು ಕಟ್ಟಿಹೋಗಿತ್ತು. ಒಂದು ಎಳೆ ಕೀರಲು ದನಿ ಹೊರಟಿತು, ಮಕ್ಕಳು ಗೊಳ್ಳೆಂದರು. ಕೆಂಪು ಬಣ್ಣದ ಕೆಳಗೂ ಅವಳ ಮುಖ ಬಾಡಿದ್ದು ನಮಗೆ ಕಂಡಿತು.

ಆಗ ನನ್ನ ಪಕ್ಕದಲ್ಲಿ ಗುಡುಗಿದಂತಾಯಿತು. ಮಾವ ಗರ್ಜಿಸಿದ್ದರು! ಹರೆಯದಲ್ಲಿ ಅವರು ತಮ್ಮ ಊರಿನ ಆಟಗಳಲ್ಲಿ ರಾಕ್ಷಸನಾಗಿದ್ದರೆಂದು ಅವ್ವ ಹೇಳುತ್ತಿದ್ದಳು, ನಾನು ನಂಬಿರಲಿಲ್ಲ. ಮೂವತ್ತು ವರ್ಷ ಕೂಗದೆ ಉಳಿದದ್ದೆಲ್ಲ ಒಟ್ಟಿಗೆ ಹೊರಬಂದಿತ್ತು. ಮದ್ದಳೆಯವನ ಕೈ ತಾನಾಗಿ ಮದ್ದಳೆಯ ಮೇಲೆ ಬಿತ್ತು. ಮೆಹರುನ್ ಜಾಣೆ, ಆ ದನಿಗೆ ಸರಿಯಾಗಿ ಬಾಯಿ ತೆರೆದು ಒಂದು ಸುತ್ತು ಕುಣಿದೇಬಿಟ್ಟಳು. ಆಮೇಲೆ ಕೆಳಗಿನಿಂದ ಮಾವನ ಗರ್ಜನೆ, ಮೇಲೆ ಅವಳ ಕುಣಿತ. ಹೀಗೆ ಇಬ್ಬರೂ ಸೇರಿ ಒಬ್ಬ ರಾಕ್ಷಸನಾಗಿ ಆಟ ಮುಗಿಸಿದರು. ಜನ ಎದ್ದು ನಿಂತು ಸಿಳ್ಳೆ ಹೊಡೆದರು.

ಕಿರೀಟ ಕಂಕುಳಲ್ಲಿ ಅವುಚಿಕೊಂಡು ಮೆಹರುನ್ ಕೆಳಗಿಳಿದು ಬಂದಳು. ಪಿಸುದನಿಯಲ್ಲಿ, "ಅಜ್ಜಾರ, ಆ ದನಿ ನನಗ ಕೊಟ್ಟು ಹೋಗ್ರಿ," ಎಂದಳು.

"ದನಿ ಕೊಡಾಕ ಬರಂಗಿಲ್ಲವ್ವ, ಕಲಿಸಾಕ ಬರತೈತಿ."

"ಹಂಗಾದ್ರ ಯಾವಾಗ ಕಲಿಸ್ತೀರಿ?"

ಮಾವ ಕಾಲಿನ ಆಧಾರಪಟ್ಟಿ ಬಿಗಿಮಾಡಿಕೊಂಡರು. ಮರುದಿನವೇ ಅವರು ಹೊರಡಬೇಕಿತ್ತು. ಅವ್ವ ಸೆರಗು ಸರಿಮಾಡಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ಮೊದಲ ಗಂಟಲ ಆರಾಮ ಆಗಲಿ ಹುಡುಗೀ. ಆಮ್ಯಾಲೆ ದಿನಾ ಮುಂಜಾನೆ ನಮ್ಮನಿಗೆ ಬಾ. ರೊಟ್ಟಿ ತಿಂದು ಇಬ್ಬರೂ ಎಷ್ಟ ಬೇಕಾದ್ರ ಒದರ್ರಿ."

ಮಾವ ಅಕ್ಕನನ್ನೇ ನೋಡಿದರು. ಅತ್ತರೋ ನಕ್ಕರೋ ಹೇಳಲಾರೆ. ಮನೆಗೆ ಬಂದವರೇ ಚಂದ್ರನಿಗೆ ಮರಳಲು ಕಾದಿರಿಸಿದ್ದ ಆಸನ ಬಿಟ್ಟುಕೊಟ್ಟರು.

ಈಗ ನಮ್ಮ ಅಂಗಳದಲ್ಲಿ ದಿನಬೆಳಗಾದರೆ ಗರ್ಜನೆಯ ಪಾಠ. ಬೀದಿಯವರು ದೂರು ಕೊಟ್ಟರು. ದೂರು ತಂದವರಲ್ಲಿ ಒಬ್ಬಾತ ಈಗ ಮಾವನ ಶಿಷ್ಯ. ಮಾವನಿಗೆ ನಡೆಯುವುದು ಇನ್ನೂ ಕಷ್ಟವೇ, ಆದರೆ ಕೂತಲ್ಲೇ ಅರ್ಧ ಊರಿಗೆ ಕೇಳಿಸುತ್ತಾರೆ.

ಹಿರಿಯರೇ, ನನ್ನದೊಂದೇ ಬೇಡಿಕೆ. ನೀವು ಹೋಗಿ ಕೂತು ನೋಡಿದ ಆಟ ಮಾತ್ರ ನಮ್ಮವರೆಗೆ ಬಂದು ಮುಟ್ಟುತ್ತದೆ. ಬಯಲಿನಲ್ಲಿ ಹುಡುಗರು ಬಣ್ಣ ಹಚ್ಚಿಕೊಂಡಿದ್ದಾರೆಂದು ಸುದ್ದಿ ಬಂದರೆ, ನಾಳೆ ನೋಡಿದರಾಯಿತು ಎನ್ನಬೇಡಿ. ಹೋಗುವಾಗ, ನನಗೆ ಅದೆಲ್ಲ ತಿಳಿಯುವುದಿಲ್ಲ ಎಂದು ಮೂಲೆ ಹಿಡಿದವರೊಬ್ಬರನ್ನು ಕೈಹಿಡಿದು ಎಬ್ಬಿಸಿಕೊಂಡು ಹೋಗಿ. ಅವರೊಳಗೆ ಏನು ಕಾದು ಕೂತಿದೆಯೋ, ಅವರಿಗೂ ಗೊತ್ತಿರುವುದಿಲ್ಲ.

ನಿಮ್ಮ ಇನ್ನೂ ಹುಟ್ಟದ ಮೊಮ್ಮಗಳು,
ನಾಗಲಾಂಬಿಕಾ