ವೆಲ್ಡಿಂಗ್ ಹಾಕಿಸಿಕೊಂಡ ಹಳ್ಳ

ನಮ್ಮ ಹಳ್ಳದ ಚೆಕ್ ಡ್ಯಾಮಿಗೆ ವೆಲ್ಡಿಂಗ್ ಮಾಡಿಸಿದ ಮಾನ್ಯ ಎಂಜಿನಿಯರ್ ಸಾಹೇಬರೇ,

ನಮ್ಮ ನೀರು ನಾರುತ್ತಿದೆ. ಹೆರಿಗೆಗೆ ಬಂದ ನನ್ನ ಮೊಮ್ಮಗಳು ಹೇಮಲತಾ ಗಂಗೆ ಪೂಜೆ ಮಾಡಲಾಗದೆ ಕೂಸಿನೊಂದಿಗೆ ತವರಿನಲ್ಲೇ ಸಿಕ್ಕಿಕೊಂಡಿದ್ದಾಳೆ. ನಿಮ್ಮ ಕಟ್ಟೆಗೂ ನಮ್ಮ ಬಾಣಂತಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಹೇಳುತ್ತೇನೆ, ಕುರ್ಚಿಯಲ್ಲೇ ಕೂತು ಕೇಳಿಸಿಕೊಳ್ಳಿ.

ಕಟ್ಟೆ ಕಟ್ಟಿದ ದಿನ ತೆಂಗಿನಕಾಯಿ ಒಡೆದವರಲ್ಲಿ ನಾನೂ ಒಬ್ಬಳು. ಸುಳ್ಳೇಕೆ ಹೇಳಲಿ, ಒಣಗಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು, ತೆಂಗಿನ ಸುಳಿ ಹಸಿರಾಯಿತು. ಆಗ ಕಟ್ಟೆಯ ಕಂಡಿಗಳಿಗೆ ಎತ್ತಿ ಇಡುವಂಥ ಕಬ್ಬಿಣದ ಹಲಗೆಗಳಿದ್ದವು. ಮುಂಗಾರಿನ ಹೊಸ ನೀರು ಕೆಂಪಗೆ ನುಗ್ಗಿ ಬಂದಾಗ ಊರಿನ ಗಂಡಸರು ಹಲಗೆ ಎತ್ತಿಬಿಡುತ್ತಿದ್ದರು. ಮೇಲಿನ ಊರುಗಳ ಚರಂಡಿ, ಕೋಳಿ ಅಂಗಡಿಯ ಪುಕ್ಕ, ಬೇಸಿಗೆಯ ಕೊಳೆ, ಹೂಳು ಎಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಮಳೆ ತಗ್ಗಿ ನೀರು ತಿಳಿಯಾದ ಮೇಲೆ ಮತ್ತೆ ಹಲಗೆ ಇಳಿಸುವುದು. ಹಳ್ಳಕ್ಕೂ ವರ್ಷಕ್ಕೊಮ್ಮೆ ತಲೆಸ್ನಾನ ಬೇಡವೇ?

ಆಮೇಲೆ ಯಾರೋ ಹಲಗೆ ಕದ್ದು ಗುಜರಿಗೆ ಹಾಕಿದರು. ನೀವು ಏನು ಮಾಡಿದಿರಿ? ಕಳ್ಳರನ್ನು ಹಿಡಿಯಲಾಗದೆ ಹಳ್ಳವನ್ನು ಹಿಡಿದು ಹಾಕಿದಿರಿ. ಹೊಸ ಹಲಗೆ ಕೂರಿಸಿ ಅಂಚಿಗೆಲ್ಲ ವೆಲ್ಡಿಂಗ್! ಕಿಡಿ ಹಾರುತ್ತಿದ್ದಾಗ ನಾನು ದಡದಲ್ಲೇ ಇದ್ದೆ.

"ಇನ್ನು ಅವರಪ್ಪನ ಕೈಲೂ ಕದಿಯಕ್ಕಾಗಲ್ಲ ಕಣಜ್ಜಿ" ಎಂದ ಕೆಲಸದವನು.

"ಅದ್ಸರಿ, ಹೊಸ ನೀರು ಬಂದಾಗ ಎತ್ತೋದೆಂಗ್ಲಾ?"

"ಎತ್ತೋದು ನಮ್ಮ ಸೆಕ್ಷನ್ ಅಲ್ಲ, ಬೇರೇವ್ರದು."

ಆ ಬೇರೆಯವರು ಯಾರು ಸ್ವಾಮಿ? ಅವರ ಮುಖವನ್ನು ನಾವು ಇವತ್ತಿನವರೆಗೂ ಕಂಡಿಲ್ಲ.

ಈಗ ನೀರಿನ ಮೇಲೆ ಅಂತರಗಂಗೆ ಕಳೆ ಚಾಪೆ ಹಾಸಿದೆ, ಕೆಳಗೆ ಕಪ್ಪು ಕೆಸರು. ಕೊರವ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ದಡದ ಒಂದೆಲಗ ಕೊಳೆತುಹೋಗಿದೆ. ಕಟ್ಟೆಯ ಕೆಳಗಿನ ಹಳ್ಳವೋ, ಒಣಗಿ ಬಾಯಿ ಬಿಟ್ಟಿದೆ. ಇಡೀ ಊರಿನಲ್ಲಿ ಸುಖವಾಗಿರುವುದು ಸೊಳ್ಳೆ ಮಾತ್ರ.

ನಮ್ಮಲ್ಲಿ ಬಾಣಂತಿ ಹಳ್ಳದ ಮರಳಿನಲ್ಲಿ ಒರತೆ ತೋಡಿ, ಒಸರಿದ ನೀರಿಗೆ ಅರಿಶಿನ ಕುಂಕುಮ ಇಟ್ಟು, ಬಿಂದಿಗೆ ತುಂಬಿಕೊಂಡು ಬರಬೇಕು. ಆ ಪೂಜೆ ಆಗದೆ ತವರಿನ ಹೊಸಿಲು ದಾಟುವಂತಿಲ್ಲ. ಮೊನ್ನೆ ಹೆಂಗಸರೆಲ್ಲ ಹೋಗಿ ಕಟ್ಟೆಯ ಕೆಳಗೆ ಮೊಣಕೈ ಆಳ ಕೆದಕಿದೆವು. ಒಸರಿದ್ದೂ ಕಪ್ಪು ನೀರೇ, ಕೊಳೆತ ಮೊಟ್ಟೆಯ ನಾತ. ಅರಿಶಿನ ಹಿಡಿದ ಹೇಮಲತಾಳ ಕೈ ಹಾಗೇ ನಿಂತಿತು.

"ಅಜ್ಜಿ, ನಲ್ಲಿ ಹತ್ರನೇ ಪೂಜೆ ಮಾಡಿ ಮುಗ್ಸಾನ" ಎಂದಳು.

"ನಲ್ಲಿಗೆ ಎಲ್ಲಿಂದ ಬತ್ತೈತೆ ಕಣೇ? ಈ ದಡದ ಬಾವಿಯಿಂದ್ಲೇ ಅಲ್ವಾ? ಕೂಸಿನ ಮೈ ನೋಡು!"

ಆ ನಲ್ಲಿ ನೀರು ಹುಯ್ದೇ ಕೂಸಿನ ಮೈಮೇಲೆ ಗುಳ್ಳೆ ಎದ್ದಿರುವುದು. ಶಾಸ್ತ್ರ ಬಿಟ್ಟು ಅವಳನ್ನು ಕಳಿಸಿಬಿಡಿ ಎನ್ನುತ್ತೀರೇನೋ. ಕಳಿಸಬಹುದು. ಊರಿನ ಮಿಕ್ಕ ಕೂಸುಗಳನ್ನು ಎಲ್ಲಿಗೆ ಕಳಿಸಲಿ? ಕುಡಿಯಲು ಬೇರೆ ನೀರಿಲ್ಲ. ಕಟ್ಟೆ ಒಡೆಯಿರಿ ಎನ್ನೋಣವೆಂದರೆ ತೋಟ ಒಣಗುತ್ತದೆ, ಸುಮ್ಮನಿರೋಣವೆಂದರೆ ಮಕ್ಕಳು ಸೊರಗುತ್ತವೆ. ಹೀಗೆ ಎರಡೂ ಕಡೆ ಬಾಗಿಲು ಹಾಕಿ ನಡುವೆ ನಮ್ಮನ್ನು ಕೂರಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿತಿರಿ?

ಕಟ್ಟೆ ಇರಲಿ. ಮುಂಗಾರಿಗೆ ಮುಂಚೆ ಆ ವೆಲ್ಡಿಂಗ್ ಕತ್ತರಿಸಿ. ಕಳ್ಳರ ಭಯವಿದ್ದರೆ ಹಲಗೆಗೆ ಸರಪಳಿ ಸುತ್ತಿ ಬೀಗ ಜಡಿಯಿರಿ, ಕೀಲಿ ಊರಿಗೆ ಕೊಡಿ. ಮೇಲಿನ ಚರಂಡಿಗಳು ಹಳ್ಳಕ್ಕೆ ಸೇರದಂತೆ ಮಾಡಿ. ಅಲ್ಲಿಯವರೆಗೆ ಕುಡಿಯಲು ಒಳ್ಳೆ ನೀರು ಕಳಿಸಿ.

ಇದೂ ನಿಮ್ಮ ಸೆಕ್ಷನ್ ಅಲ್ಲವಾದರೆ ಒಮ್ಮೆ ಮನೆಗಾದರೂ ಬನ್ನಿ. ಹೇಮಲತಾ ನಿಮ್ಮ ಮುಂದೆ ಒಂದು ಲೋಟ ನಲ್ಲಿ ನೀರು ಇಡುತ್ತಾಳೆ. ನೀವು ಕುಡಿದು ಲೋಟ ಕೆಳಗಿಟ್ಟರೆ, ಅವತ್ತೇ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಅವಳನ್ನು ಗಂಡನ ಮನೆಗೆ ಕಳಿಸುತ್ತೇನೆ.

ಇಂತಿ,
ಖಾಲಿ ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು, ಯಾವ ಹಲಗೆಯನ್ನೂ ಕದಿಯದೆ ಸೆರೆ ಸಿಕ್ಕಿರುವ
ಸಣ್ಣತಾಯಮ್ಮ
ಕಣಕಟ್ಟೆ ಹೋಬಳಿ, ಅರಸೀಕೆರೆ ತಾಲ್ಲೂಕು